ಮಲಯ ಕಠಾರಿಗಳ ಪ್ರಾದೇಶಿಕ ಮೂಲ ನಿರ್ಣಯ: ಕೆರಿಸ್ ಅಧ್ಯಯನದ ಆಕರಗಳು ಮತ್ತು ವಿಧಾನಗಳು

ಪೀಠಿಕೆ

ಆಗ್ನೇಯ ಏಷ್ಯಾದ ದ್ವೀಪಸಮೂಹದಲ್ಲಿ ಕೆರಿಸ್ ಎಂಬ ಕಠಾರಿಗೆ ದೊರೆತ ಗೌರವ ಬೇರಾವ ಆಯುಧಕ್ಕೂ ದೊರೆತಿಲ್ಲ. ಅದು ಇರಿಯುವ ಅಸ್ತ್ರವಾಗಿರುವಂತೆಯೇ ವಂಶದ ಆಸ್ತಿ, ರಾಜಲಾಂಛನ, ಉಡುಪಿನ ಅಂಗ ಮತ್ತು ಪೂಜ್ಯ ವಸ್ತುವೂ ಆಗಿದೆ. ಜಾವಾ, ಮದುರಾ, ಬಾಲಿ, ಲೊಂಬೊಕ್, ಸುಲವೇಸಿ, ಸುಮಾತ್ರ, ಮಲಯ ಪರ್ಯಾಯ ದ್ವೀಪ, ದಕ್ಷಿಣ ಥಾಯ್ಲೆಂಡಿನ ಪಟ್ಟಾನಿ ಹಾಗೂ ಫಿಲಿಪೀನ್ಸಿನ ದಕ್ಷಿಣ ದ್ವೀಪಗಳವರೆಗೆ ಇದರ ಬಳಕೆ ಹಬ್ಬಿದೆ. 2005ರಲ್ಲಿ ಯುನೆಸ್ಕೋ ಸಂಸ್ಥೆಯು ಇಂಡೋನೇಷ್ಯಾದ ಕೆರಿಸ್ ಪರಂಪರೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಯೆಂದು ಘೋಷಿಸಿ, 2008ರಲ್ಲಿ ತನ್ನ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿಕೊಂಡಿತು.

ಇಷ್ಟು ವಿಶಾಲವಾದ ಪ್ರದೇಶದಲ್ಲಿ ಹರಡಿದ ಒಂದು ವಸ್ತುವನ್ನು ಯೂರೋಪಿನ ಬಹುತೇಕ ಹಳೆಯ ಸಂಗ್ರಹಗಳು 'ಮಲಯ ಕಠಾರಿ' ಎಂಬ ಒಂದೇ ಹೆಸರಿನಡಿ ದಾಖಲಿಸಿವೆ. ಯಾವ ದ್ವೀಪದಲ್ಲಿ, ಯಾವ ಕುಲುಮೆಯಲ್ಲಿ, ಯಾರಿಗಾಗಿ ತಯಾರಾದದ್ದು ಎಂಬ ವಿವರ ಆ ದಾಖಲೆಗಳಲ್ಲಿ ವಿರಳ. ವಸಾಹತು ಕಾಲದಲ್ಲಿ ಯುದ್ಧದ ಕೊಳ್ಳೆಯಾಗಿಯೋ ಉಡುಗೊರೆಯಾಗಿಯೋ ಹೊರದೇಶಗಳಿಗೆ ಸಾಗಿದ ವಸ್ತುಗಳು ಮೂಲ ನೆಲೆಗೆ ಹಿಂದಿರುಗಬೇಕೆಂಬ ಬೇಡಿಕೆ ಬಲಗೊಂಡಿರುವ ಈ ಕಾಲದಲ್ಲಿ, ಪ್ರಾದೇಶಿಕ ಮೂಲದ ನಿರ್ಣಯವು ಸಂಗ್ರಾಹಕರ ಕುತೂಹಲಕ್ಕೆ ಮಾತ್ರ ಸೀಮಿತವಾದ ವಿಷಯವಲ್ಲ. ಯಾವುದು ಯಾರದು ಎಂಬ ಪ್ರಶ್ನೆಗೆ ಉತ್ತರ ದೊರೆಯದೆ ಯಾವುದನ್ನು ಯಾರಿಗೆ ಒಪ್ಪಿಸಬೇಕೆಂಬುದು ತೀರ್ಮಾನವಾಗದು. ಈ ಹಿನ್ನೆಲೆಯಲ್ಲಿ ಕೆರಿಸ್‌ನ ಮೂಲವನ್ನು ಗುರುತಿಸಲು ಲಭ್ಯವಿರುವ ಆಕರಗಳನ್ನೂ ಅವುಗಳ ಬಲ ಮತ್ತು ಮಿತಿಗಳನ್ನೂ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಹೆಸರು ಮತ್ತು ಅಂಗರಚನೆ

ಜಾವಾದ ಸಾಮಾನ್ಯ ಭಾಷೆಯಲ್ಲಿ ಇದು ಕೆರಿಸ್. ಗೌರವದ ಮಾತಿನಲ್ಲಿ ದುವುಂಗ್. ಕಾವ್ಯದ ಭಾಷೆಯಲ್ಲಿ ಚುರಿಗ. ಈ ಕೊನೆಯ ಪದವು ಸಂಸ್ಕೃತದ 'ಛುರಿಕಾ' ಶಬ್ದದಿಂದ ಬಂದುದು. ಕನ್ನಡದ 'ಸುರಿಗೆ' ಎಂಬ ತದ್ಭವವೂ ಅದೇ ಮೂಲದ್ದಾಗಿರುವುದರಿಂದ, ಹಳಗನ್ನಡ ಕಾವ್ಯಗಳ ಸುರಿಗೆಯೂ ಜಾವಾದ ಚುರಿಗವೂ ಶಬ್ದದ ಮಟ್ಟಿಗೆ ಸೋದರರು. ಆದರೆ ಶಬ್ದದ ನಂಟು ವಸ್ತುವಿನ ನಂಟಲ್ಲ. ಕೆರಿಸ್‌ನ ರೂಪ ಜಾವಾದಲ್ಲಿಯೇ ವಿಕಾಸಗೊಂಡಿತು ಎಂಬ ಅಭಿಪ್ರಾಯವೇ ವಿದ್ವಾಂಸರಲ್ಲಿ ಪ್ರಬಲವಾಗಿದೆ. ಬಾಲಿಯಲ್ಲಿ ಇದನ್ನು ಕದುತನ್ ಎಂದೂ ಸುಲವೇಸಿಯ ಬುಗಿಸ್ ಜನರು ತಪ್ಪಿ ಎಂದೂ ಸುಲು ದ್ವೀಪದವರು ಕಲಿಸ್ ಎಂದೂ ಕರೆಯುತ್ತಾರೆ.

ಕೆರಿಸ್‌ನ ಮುಖ್ಯ ಲಕ್ಷಣ ಅದರ ಅಸಮರೂಪ. ಅಲಗು ಬುಡದಲ್ಲಿ ಒಂದು ಪಕ್ಕಕ್ಕೆ ಅಗಲವಾಗಿ ಚಾಚಿಕೊಂಡಿರುತ್ತದೆ. ಬುಡಕ್ಕೆ ಅಡ್ಡಲಾಗಿ ಕೂರಿಸಿದ ಪ್ರತ್ಯೇಕ ಲೋಹದ ತುಂಡಿಗೆ ಗಂಜ ಎಂದು ಹೆಸರು. ಅಲಗಿನ ಮೊಳೆಯು ಗಂಜವನ್ನು ಹಾಯ್ದು ಹಿಡಿಯೊಳಗೆ ಸೇರುತ್ತದೆ. ಅಲಗು ನೇರವಾಗಿರಬಹುದು, ಇಲ್ಲವೆ ಹರಿದಾಡುವ ಹಾವಿನಂತೆ ಬಳುಕಿರಬಹುದು. ಬಳುಕುಗಳಿಗೆ ಲುಕ್ ಅಥವಾ ಲೋಕ್ ಎನ್ನುತ್ತಾರೆ. ಅವುಗಳ ಸಂಖ್ಯೆ ಸಂಪ್ರದಾಯದಂತೆ ಬೆಸವಾಗಿಯೇ ಇರಬೇಕು. ಬುಡದಲ್ಲಿ ಆನೆಯ ಸೊಂಡಿಲಿನಂತೆ ಬಾಗಿದ ಕೊಕ್ಕೆ, ಉದ್ದನೆಯ ತೋಡು, ಹೆಬ್ಬೆರಳು ಕೂರುವಷ್ಟು ತಗ್ಗು, ಹಲ್ಲುಹಲ್ಲಾದ ಅಂಚು ಮೊದಲಾದ ಅನೇಕ ವಿವರಗಳುಂಟು. ಇವುಗಳ ಜೋಡಣೆಯನ್ನು ಅನುಸರಿಸಿ ಜಾವಾದವರು ಅಲಗಿನ ಮಾದರಿಗಳಿಗೆ ದಪುರ್ ಎಂಬ ಹೆಸರಿನಡಿ ದೀರ್ಘವಾದ ಪಟ್ಟಿಯನ್ನೇ ರಚಿಸಿದ್ದಾರೆ.

ಅಲಗಿನ ಮೇಲೆ ಕಾಣುವ ಬೆಳ್ಳಿಬಣ್ಣದ ಚಿತ್ತಾರಕ್ಕೆ ಪಮೋರ್ ಎಂದು ಹೆಸರು. ನಿಕಲ್ ಬೆರೆತ ಕಬ್ಬಿಣವನ್ನು ಸಾಮಾನ್ಯ ಕಬ್ಬಿಣದ ಪದರಗಳೊಂದಿಗೆ ಕಾಯಿಸಿ, ಬಡಿದು, ಮಡಿಚಿ ಬೆಸೆದಾಗ ಇದು ಮೂಡುತ್ತದೆ. ಪಾಷಾಣ ಮತ್ತು ನಿಂಬೆಯ ರಸದಿಂದ ತೊಳೆದಾಗ ಸಾಮಾನ್ಯ ಕಬ್ಬಿಣ ಕಪ್ಪಾಗುತ್ತದೆ, ನಿಕಲ್ ಇರುವ ಪದರ ಬೆಳ್ಳಗೆ ಉಳಿಯುತ್ತದೆ. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ತೆಗೆಯುತ್ತಿದ್ದ, ಕನ್ನಡದ 'ಉಕ್ಕು' ಶಬ್ದದಿಂದಲೇ ಹೆಸರು ಪಡೆಯಿತೆನ್ನಲಾದ 'ವೂಟ್ಜ್' ಲೋಹದ ಚಿತ್ತಾರಕ್ಕೂ ಪಮೋರ್‌ಗೂ ಸಂಬಂಧವಿಲ್ಲ. ಅಲ್ಲಿ ಚಿತ್ತಾರವು ಲೋಹ ತಣಿಯುವಾಗ ಒಳಗೇ ರೂಪುಗೊಳ್ಳುವ ಹರಳುಗಳಿಂದ ಬಂದುದು. ಇಲ್ಲಿ ಕಮ್ಮಾರನ ಸುತ್ತಿಗೆಯಿಂದ ಬಂದುದು.

ಪ್ರಾಚೀನ ಸಾಕ್ಷ್ಯಗಳು

ಕಾಲನಿರ್ದೇಶವುಳ್ಳ ಅತ್ಯಂತ ಹಳೆಯ ಕೆರಿಸ್‌ಗಳಲ್ಲಿ ಪ್ರಸಿದ್ಧವಾದುದು 'ಕ್ನೌಡ್ ಕೆರಿಸ್'. ಇದರ ಮೇಲೆ ಶಕವರ್ಷ 1264, ಅಂದರೆ ಕ್ರಿ.ಶ. 1342 ಎಂಬ ಕಾಲಸೂಚನೆಯಿದೆ. ತೆಳುವಾದ ತಾಮ್ರದ ತಗಡಿನಿಂದ ಹೊದಿಸಿದ ಇದರ ಅಲಗಿನ ಮೇಲೆ ರಾಮಾಯಣದ ದೃಶ್ಯಗಳನ್ನು ಮೂಡಿಸಲಾಗಿದೆ. 19ನೇ ಶತಮಾನದಲ್ಲಿ ಯೋಗ್ಯಕರ್ತದ ಪಾಕು ಆಲಂ ಮನೆತನದ ಐದನೆಯ ಅರಸನು ಚಾರ್ಲ್ಸ್ ಕ್ನೌಡ್ ಎಂಬ ಡಚ್ಚನಿಗೆ ಕೊಟ್ಟ ಈ ಕಠಾರಿ ಎರಡನೆಯ ಮಹಾಯುದ್ಧದ ತರುವಾಯ ಬಹುಕಾಲ ಕಣ್ಮರೆಯಾಗಿದ್ದು, 21ನೇ ಶತಮಾನದ ಆರಂಭದಲ್ಲಿ ಪುನಃ ಬೆಳಕಿಗೆ ಬಂದಿತು.

ಮಧ್ಯ ಜಾವಾದ ಲಾವು ಪರ್ವತದ ಇಳಿಜಾರಿನಲ್ಲಿರುವ ಚಂಡಿ ಸುಕುಹ್ ದೇವಾಲಯ 15ನೇ ಶತಮಾನದ್ದು. ಅಲ್ಲಿರುವ ಶಕವರ್ಷ 1359ರ ಕಾಲಸೂಚನೆ ಕ್ರಿ.ಶ. 1437ಕ್ಕೆ ಸರಿಹೊಂದುತ್ತದೆ. ಅಲ್ಲಿನ ಒಂದು ಉಬ್ಬುಶಿಲ್ಪದಲ್ಲಿ ಭೀಮನು ಕಮ್ಮಾರನಾಗಿ ಅಲಗನ್ನು ರೂಪಿಸುತ್ತಿದ್ದಾನೆ. ಅರ್ಜುನನು ಜೋಡಿ ಕೊಳವೆಯ ತಿದಿಯನ್ನು ಒತ್ತುತ್ತಿದ್ದಾನೆ. ನಡುವೆ ಗಣಪತಿ ನರ್ತಿಸುತ್ತಿದ್ದಾನೆ. ಸುತ್ತ ಜೋಡಿಸಿಟ್ಟ ಆಯುಧಗಳಲ್ಲಿ ಕೆರಿಸ್‌ನ ರೂಪ ಸ್ಪಷ್ಟವಾಗಿದೆ. ಅದೇ ಶತಮಾನದಲ್ಲಿ ಚೀನೀ ನೌಕಾಯಾತ್ರೆಗಳಲ್ಲಿ ಭಾಗವಹಿಸಿದ್ದ ಮಾ ಹುವಾನ್, ಜಾವಾದ ಗಂಡಸರು ಎಳೆಯ ಬಾಲಕರಿಂದ ಹಿಡಿದು ಮುದುಕರವರೆಗೆ ಸೊಂಟದಲ್ಲಿ ಕಠಾರಿ ಧರಿಸುತ್ತಾರೆಂದೂ, ಅದರ ಹಿಡಿಯನ್ನು ಚಿನ್ನ, ಖಡ್ಗಮೃಗದ ಕೊಂಬು ಅಥವಾ ದಂತದಿಂದ ಮನುಷ್ಯ ಇಲ್ಲವೆ ರಾಕ್ಷಸನ ಆಕಾರದಲ್ಲಿ ಮಾಡಿರುತ್ತಾರೆಂದೂ ದಾಖಲಿಸಿದ್ದಾನೆ. ಈ ವಿವರವು ಇಂದಿಗೂ ಜಾವಾದ ಉತ್ತರ ಕರಾವಳಿ, ಬಾಲಿ ಮತ್ತು ಮಲಯ ಪ್ರದೇಶದ ಹಿಡಿಗಳಿಗೆ ಅನ್ವಯಿಸುವುದು ಗಮನಾರ್ಹ.

ಈ ಎಲ್ಲ ಆಧಾರಗಳೂ ಜಾವಾವನ್ನೇ ಉಗಮಸ್ಥಾನವಾಗಿ ಸೂಚಿಸುತ್ತವೆ. ಮಲಯ ಸಾಹಿತ್ಯವೂ ಇದಕ್ಕೆ ಪರೋಕ್ಷ ಸಮ್ಮತಿ ನೀಡುತ್ತದೆ. 'ಹಿಕಾಯತ್ ಹಂಗ್ ತುವಾಹ್' ಕೃತಿಯ ನಾಯಕನಾದ ಮಲಕ್ಕದ ವೀರನು ತಮಿಂಗ್ ಸಾರಿ ಎಂಬ ಹೆಸರಾಂತ ಕೆರಿಸ್ಸನ್ನು ಪಡೆದದ್ದು ಮಜಾಪಹಿತ್‌ನಲ್ಲಿ, ಜಾವಾದ ಯೋಧನೊಬ್ಬನನ್ನು ಸೋಲಿಸಿ. ಮಲಯ ಶೌರ್ಯದ ಪರಮ ಸಂಕೇತವೆನಿಸಿದ ಕಠಾರಿಯೇ ಕಥೆಯ ಪ್ರಕಾರ ಜಾವಾದ್ದಾಗಿದೆ. ದೊರೆತ ಸ್ಥಳ, ಬಳಸಿದ ಸ್ಥಳ ಮತ್ತು ತಯಾರಾದ ಸ್ಥಳಗಳು ಬೇರೆಬೇರೆಯಾಗಿರಬಹುದೆಂಬ ಎಚ್ಚರಿಕೆ ಈ ಕಥೆಯಲ್ಲಿಯೇ ಅಡಗಿದೆ.

ಅಲಗು ಮತ್ತು ಉಡುಪು

ಮೂಲನಿರ್ಣಯದ ಮೊದಲ ಸೂತ್ರವೆಂದರೆ ಅಲಗನ್ನೂ ಅದರ ಹಿಡಿ-ಒರೆಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು. ಜಾವಾದವರು ಹಿಡಿ, ಒರೆ, ಉಂಗುರಗಳನ್ನು ಕೆರಿಸ್‌ನ ಉಡುಪು ಎಂಬ ಅರ್ಥದಲ್ಲಿಯೇ ಕರೆಯುತ್ತಾರೆ. ಅಲಗು ತಲೆಮಾರುಗಳವರೆಗೆ ಉಳಿಯುವಂಥದು. ಉಡುಪು ಹಳತಾದಂತೆ ಬದಲಾಗುವಂಥದು. ಮದುವೆಯ ಉಡುಗೊರೆ, ವ್ಯಾಪಾರ, ಯುದ್ಧ, ವಲಸೆ ಇವುಗಳ ಮೂಲಕ ದ್ವೀಪದಿಂದ ದ್ವೀಪಕ್ಕೆ ಸಾಗಿದ ಅಲಗಿಗೆ ಹೊಸ ಒಡೆಯನು ತನ್ನ ನಾಡಿನ ಹಿಡಿ ಮತ್ತು ಒರೆಯನ್ನು ತೊಡಿಸುತ್ತಿದ್ದನು. ಆದುದರಿಂದ ಒರೆಯು ಕೆರಿಸ್ ಕೊನೆಯದಾಗಿ ಎಲ್ಲಿ ಬಳಕೆಯಲ್ಲಿತ್ತು ಎಂಬುದನ್ನು ಹೇಳುತ್ತದೆ. ಅಲಗು ಎಲ್ಲಿ ಹುಟ್ಟಿತು ಎಂಬುದನ್ನು ಹೇಳುತ್ತದೆ. ಇವೆರಡೂ ಒಂದೇ ಊರನ್ನು ಸೂಚಿಸಿದರೆ ನಿರ್ಣಯ ಸುಲಭ. ಬೇರೆಬೇರೆ ಊರನ್ನು ಸೂಚಿಸಿದಾಗ ಅದನ್ನು ದೋಷವೆಂದು ಭಾವಿಸದೆ ವಸ್ತುವಿನ ಜೀವನಚರಿತ್ರೆಯೆಂದು ಓದಬೇಕಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾದ ಸಂಭವವೂ ಉಂಟು. ಪ್ರಾಚೀನ ವಸ್ತುಗಳ ವ್ಯಾಪಾರಿಗಳು ಒಂದೆಡೆಯ ಅಲಗಿಗೆ ಇನ್ನೊಂದೆಡೆಯ ಹಿಡಿಯನ್ನೂ ಮತ್ತೊಂದೆಡೆಯ ಒರೆಯನ್ನೂ ಜೋಡಿಸಿ ಮಾರಿರುವುದುಂಟು. ಒರೆಯ ಬಾಯಿ ಗಂಜದ ಆಕಾರಕ್ಕೆ ಕರಾರುವಾಕ್ಕಾಗಿ ಹೊಂದುತ್ತದೆಯೇ, ಅಲಗಿನ ಬಳುಕಿಗೂ ಒರೆಯ ಒಳಗಿನ ಕೊರೆತಕ್ಕೂ ತಾಳೆಯಿದೆಯೇ, ಹಿಡಿಯ ರಂಧ್ರ ಮೊಳೆಯ ದಪ್ಪಕ್ಕೆ ಸರಿಯಿದೆಯೇ, ಉಜ್ಜಿದ ಗುರುತುಗಳು ದೀರ್ಘಕಾಲದ ಬಳಕೆಯನ್ನು ತೋರುತ್ತವೆಯೇ ಎಂಬ ಪರೀಕ್ಷೆಗಳಿಂದ ಸಹಜವಾದ ಜೋಡಣೆಯನ್ನು ಕೃತಕವಾದುದರಿಂದ ಬೇರ್ಪಡಿಸಬಹುದು.

ಜಾವಾ

ಜಾವಾದ ಕೆರಿಸ್ಸನ್ನು ಬೆನ್ನ ಹಿಂದೆ ಸೊಂಟಪಟ್ಟಿಗೆ ಸಿಕ್ಕಿಸಿಕೊಳ್ಳುವುದು ರೂಢಿ. ಒರೆಯ ಮೇಲ್ಭಾಗದ ಅಡ್ಡಮರಕ್ಕೆ ವರಂಗ್ಕ ಎಂದೂ, ಕೆಳಗಿನ ಮರದ ಭಾಗವನ್ನು ಮುಚ್ಚುವ ಲೋಹದ ಕವಚಕ್ಕೆ ಪೆಂದೊಕ್ ಎಂದೂ ಹೆಸರು. ಹಿಡಿ ಮತ್ತು ಗಂಜದ ನಡುವೆ ಮೆಂದಕ್ ಎಂಬ ಸಣ್ಣ ಉಂಗುರವಿರುತ್ತದೆ. ಚುಕ್ಕೆಚುಕ್ಕೆಯಾದ ಕಪ್ಪು ಮಚ್ಚೆಗಳುಳ್ಳ ತಿಮೊಹೊ ಮರ ಇಲ್ಲಿನ ಒರೆಗಳಿಗೆ ಅತ್ಯಂತ ಪ್ರಿಯವಾದುದು.

1755ರ ಗಿಯಂತಿ ಒಪ್ಪಂದದಿಂದ ಮತಾರಾಮ್ ರಾಜ್ಯವು ಸುರಕರ್ತ ಮತ್ತು ಯೋಗ್ಯಕರ್ತ ಎಂದು ಇಬ್ಭಾಗವಾಯಿತು. ಅಂದಿನಿಂದ ಎರಡು ಆಸ್ಥಾನಗಳೂ ಉಡುಪು, ನೃತ್ಯ, ವಾದ್ಯಗಳಲ್ಲಿದ್ದಂತೆ ಕೆರಿಸ್‌ನಲ್ಲಿಯೂ ತಮ್ಮ ತಮ್ಮ ಭೇದವನ್ನು ಪ್ರಜ್ಞಾಪೂರ್ವಕವಾಗಿ ಕಾಯ್ದುಕೊಂಡವು. ಸಮಾರಂಭಗಳಲ್ಲಿ ಬಳಸುವ ಒರೆಯ ಅಡ್ಡಮರವು ಸುರಕರ್ತದಲ್ಲಿ ಲದ್ರಾಂಗ್ ಎಂಬ ನೀಳವಾದ, ತುದಿಗಳು ಚಾಚಿಕೊಂಡ ರೂಪವನ್ನು ಪಡೆದರೆ, ಯೋಗ್ಯಕರ್ತದಲ್ಲಿ ಬ್ರಂಗಾಹ್ ಎಂಬ ಚಿಕ್ಕದಾದ, ಬಿಗಿಯಾಗಿ ಬಾಗಿದ ರೂಪವನ್ನು ಪಡೆಯಿತು. ಗಯಮಾನ್ ಎಂಬ ದುಂಡನೆಯ ನಿತ್ಯಬಳಕೆಯ ಒರೆ ಎರಡೂ ಕಡೆ ಇದೆಯಾದರೂ ಅದರ ಅಳತೆಗಳಲ್ಲಿ ವ್ಯತ್ಯಾಸವುಂಟು. ಎರಡು ಎಡೆಗಳಲ್ಲಿಯೂ ಹಿಡಿಯು ಮಾನವಾಕೃತಿಯ ಅತ್ಯಂತ ಅಮೂರ್ತ ರೂಪವಾಗಿದ್ದು, ಒಳಬದಿಯಲ್ಲಿ ಮುಖವನ್ನು ನೆನಪಿಸುವ ಎರಡು ಕೆತ್ತನೆಗಳಷ್ಟೇ ಉಳಿದಿವೆ. ಯೋಗ್ಯಕರ್ತದ ಹಿಡಿ ಸುರಕರ್ತದ್ದಕ್ಕಿಂತ ತುಸು ಸಣ್ಣದು. ಅರವತ್ತು ಕಿಲೋಮೀಟರುಗಳಷ್ಟು ಅಂತರದ ಎರಡು ಅರಮನೆಗಳ ವಸ್ತುಗಳು ನೋಡಿದೊಡನೆ ಬೇರೆಯೆನಿಸುವುದಕ್ಕೆ ದೂರ ಕಾರಣವಲ್ಲ, ರಾಜಕೀಯ ಕಾರಣ. ಉತ್ತರ ಕರಾವಳಿಯ ಚಿರೆಬೊನ್ ಮತ್ತು ತೆಗಲ್ ಪ್ರದೇಶಗಳಲ್ಲಿ ಮಾತ್ರ ರಾಕ್ಷಸ ಮತ್ತು ಮಾನವಾಕೃತಿಯ ಪೂರ್ಣ ಶಿಲ್ಪವುಳ್ಳ ಹಿಡಿಗಳು ಮುಂದುವರಿದವು.

ಮದುರಾ, ಬಾಲಿ ಮತ್ತು ಲೊಂಬೊಕ್

ಮದುರಾ ದ್ವೀಪದ ಹಿಡಿಗಳು ದಂತ ಮತ್ತು ಮರದ ಸೂಕ್ಷ್ಮ ಹೂಬಳ್ಳಿಯ ಕೆತ್ತನೆಗೆ ಹೆಸರಾದವು. ಸುಮೆನೆಪ್ ಆಸ್ಥಾನದ ಪ್ರಭಾವವಿರುವ ಹಿಡಿಗಳಲ್ಲಿ ಕಿರೀಟ, ರೆಕ್ಕೆಯ ಕುದುರೆ ಮೊದಲಾದ ಚಿಹ್ನೆಗಳೂ ಕಾಣುತ್ತವೆ. ಸುಮೆನೆಪ್‌ನ ಏಂಗ್ ತೋಂಗ್ ತೋಂಗ್ ಗ್ರಾಮವು ಇಂದಿಗೂ ಕೆರಿಸ್ ತಯಾರಿಕೆಯ ದೊಡ್ಡ ಕೇಂದ್ರವಾಗಿದೆ. ಇಲ್ಲಿನ ನುರಿತ ಕಮ್ಮಾರರು ಬೇರೆ ಪ್ರದೇಶಗಳ ಹಳೆಯ ಶೈಲಿಗಳನ್ನೂ ಯಥಾವತ್ತಾಗಿ ತಯಾರಿಸಬಲ್ಲವರಾದುದರಿಂದ, ಶೈಲಿಯೊಂದನ್ನೇ ನೆಚ್ಚಿ ಮೂಲವನ್ನು ನಿರ್ಣಯಿಸುವುದು ಮತ್ತಷ್ಟು ಕಠಿಣವಾಗಿದೆ.

ಬಾಲಿಯ ಅಲಗುಗಳು ಸಾಮಾನ್ಯವಾಗಿ ಜಾವಾದವುಗಳಿಗಿಂತ ಉದ್ದ ಮತ್ತು ತೂಕವಾಗಿವೆ. ಜಾವಾದ ಅಲಗಿನ ಮೇಲ್ಮೈ ತೊಳೆತದಿಂದ ಒರಟಾಗಿರುತ್ತದೆ. ಬಾಲಿಯಲ್ಲಿ ಅದನ್ನು ನುಣುಪಾಗಿ ಉಜ್ಜಿ ಹೊಳಪು ಕೊಡುತ್ತಾರೆ. ಪಂಡೆ ಎಂಬ ಲೋಹಗಾರ ಕುಲವು ತನ್ನದೇ ಪುರೋಹಿತರನ್ನು ಹೊಂದಿ ಈ ವೃತ್ತಿಯನ್ನು ನಡೆಸಿಕೊಂಡು ಬಂದಿದೆ. ದೇವತೆ ಅಥವಾ ರಾಕ್ಷಸನ ಆಕೃತಿಯನ್ನು ಹರಳುಗಳೊಡನೆ ಚಿನ್ನದಲ್ಲಿ ಮಾಡಿದ ಹಿಡಿ ಬಾಲಿಯ ಗಣ್ಯರ ಗುರುತು. ಕೆರಿಸ್ಸನ್ನು ಬೆನ್ನ ಮೇಲೆ ಎತ್ತರದಲ್ಲಿ, ಹಿಡಿಯು ಭುಜದ ಮೇಲೆ ಕಾಣುವಂತೆ ಧರಿಸುವುದರಿಂದ ಹಿಡಿಯ ಅಲಂಕಾರಕ್ಕೆ ಅಷ್ಟು ಪ್ರಾಮುಖ್ಯ ಬಂದಿದೆ. ಲೊಂಬೊಕ್ ದ್ವೀಪದ ಪಶ್ಚಿಮ ಭಾಗವನ್ನು ಬಾಲಿಯ ಮನೆತನಗಳು ಆಳಿದ್ದರಿಂದ ಅಲ್ಲಿನ ಆಸ್ಥಾನದ ವಸ್ತುಗಳು ಬಾಲಿಯವುಗಳಿಗೆ ಬಹಳ ಸಮೀಪವಾಗಿವೆ.

1894ರಲ್ಲಿ ಲೊಂಬೊಕ್‌ನ ಚಕ್ರನಗರ, 1906ರಲ್ಲಿ ಬಾಲಿಯ ಬಾದುಂಗ್, 1908ರಲ್ಲಿ ಕ್ಲುಂಗ್‌ಕುಂಗ್ ಡಚ್ಚರ ವಶವಾದವು. ಬಾದುಂಗ್ ಮತ್ತು ಕ್ಲುಂಗ್‌ಕುಂಗ್‌ಗಳಲ್ಲಿ ಅರಸುಮನೆತನದವರು ಶರಣಾಗದೆ ಪುಪುತನ್ ಎಂಬ ಸಾಮೂಹಿಕ ಪ್ರಾಣಾರ್ಪಣೆಗೆ ಮುಂದಾದರು. ಅಲ್ಲಿಂದ ಸಾಗಿಸಲಾದ ವಸ್ತುಗಳಲ್ಲಿ ಕೆರಿಸ್‌ಗಳೂ ಇದ್ದವು. 2023ರಲ್ಲಿ ನೆದರ್ಲೆಂಡ್ಸ್ ಸರ್ಕಾರವು ಇಂಡೋನೇಷ್ಯಾಕ್ಕೆ ಹಿಂದಿರುಗಿಸಲು ನಿರ್ಧರಿಸಿದ 478 ವಸ್ತುಗಳಲ್ಲಿ ಲೊಂಬೊಕ್ ನಿಧಿಯ ಭಾಗಗಳೂ ಕ್ಲುಂಗ್‌ಕುಂಗ್‌ನ ಒಂದು ಕೆರಿಸ್ಸೂ ಸೇರಿದ್ದವು.

ಸುಲವೇಸಿ ಮತ್ತು ಬುಗಿಸ್ ವಲಸೆ

ದಕ್ಷಿಣ ಸುಲವೇಸಿಯ ಬುಗಿಸ್ ಮತ್ತು ಮಕಾಸರ್ ಜನರ ಕೆರಿಸ್ಸನ್ನು ಅದರ ಹಿಡಿಯಿಂದಲೇ ಗುರುತಿಸಬಹುದು. ಅದು ಲಂಬಕೋನಕ್ಕೆ ಸಮೀಪವಾಗಿ ಬಾಗಿ, ಕಡಲಹಕ್ಕಿಯ ತಲೆಯನ್ನು ನೆನಪಿಸುತ್ತದೆ. ಒರೆಯ ಅಡ್ಡಮರ ದುಂಡಗೆ, ದೋಣಿಯ ಆಕಾರದಲ್ಲಿರುತ್ತದೆ. ಆದರೆ ಇಂಥ ಕೆರಿಸ್ ಎಲ್ಲಿಯೇ ದೊರೆತರೂ ಸುಲವೇಸಿಯದೆಂದು ಹೇಳಲಾಗದು. 1667ರ ಬೊಂಗಾಯ ಒಪ್ಪಂದ ಮತ್ತು 1669ರಲ್ಲಿ ಮಕಾಸರ್‌ನ ಪತನದ ನಂತರ ಅಸಂಖ್ಯಾತ ಬುಗಿಸ್ ಮತ್ತು ಮಕಾಸರ್ ಜನರು ಪಶ್ಚಿಮಕ್ಕೆ ವಲಸೆ ಹೋದರು. 1722ರಿಂದ ರಿಯಾವು-ಜೊಹೊರ್ ರಾಜ್ಯದ ಯುವರಾಜ ಪದವಿ ಬುಗಿಸರ ಕೈಸೇರಿತು. 1766ರಲ್ಲಿ ಸೆಲಂಗೊರ್‌ನಲ್ಲಿ ಬುಗಿಸ್ ಮೂಲದ ಸುಲ್ತಾನನೇ ಪಟ್ಟವೇರಿದನು. ಇದರ ಫಲವಾಗಿ ಬುಗಿಸ್ ಮಾದರಿಯು ಮಲಯ ಪರ್ಯಾಯ ದ್ವೀಪ, ರಿಯಾವು ಮತ್ತು ಸುಮಾತ್ರದ ಪೂರ್ವ ಕರಾವಳಿಯಲ್ಲಿ ಸ್ಥಳೀಯ ಶೈಲಿಯಾಗಿಯೇ ನೆಲೆಗೊಂಡಿತು. ಆದುದರಿಂದ 'ಬುಗಿಸ್ ಕೆರಿಸ್' ಎಂಬುದು ಒಂದು ರೂಪದ ಹೆಸರೇ ಹೊರತು ಸ್ಥಳದ ಹೆಸರಲ್ಲ. ಮರದ ಜಾತಿ, ಹಿಡಿಯ ಬುಡದಲ್ಲಿ ಜಾವಾದ ಉಂಗುರದ ಬದಲಿಗೆ ಮಲಯ ಪ್ರದೇಶದಲ್ಲಿ ಬಳಸುವ ಪೆಂದೊಂಗ್ಕೊಕ್ ಎಂಬ ಬಟ್ಟಲಿನ ಕೆಲಸ, ಒರೆಯ ಲೋಹಪಟ್ಟಿಗಳ ವಿನ್ಯಾಸ ಮೊದಲಾದ ಗೌಣ ಲಕ್ಷಣಗಳೇ ಇಲ್ಲಿ ನಿರ್ಣಾಯಕವಾಗುತ್ತವೆ.

ಸುಮಾತ್ರ, ಮಲಯ ಪರ್ಯಾಯ ದ್ವೀಪ ಮತ್ತು ಪಟ್ಟಾನಿ

ಮಲಯ ಪ್ರದೇಶದಲ್ಲಿ ಕೆರಿಸ್ಸನ್ನು ಸೊಂಟದ ಎಡಮಗ್ಗುಲಲ್ಲಿ ಧರಿಸುವುದು ವಾಡಿಕೆ. ಇಲ್ಲಿನ ಪ್ರಸಿದ್ಧ ಹಿಡಿ 'ಜಾವಾ ದೆಮಾಮ್'. ಜ್ವರ ಬಂದ ಜಾವಾದವನು ಎಂಬುದು ಈ ಹೆಸರಿನ ಅರ್ಥ. ತೋಳುಗಳನ್ನು ಹೊಟ್ಟೆಗೆ ಅವುಚಿಕೊಂಡು ಮುದುಡಿ ಕುಳಿತಂತೆ ಕಾಣುವ ಈ ಆಕೃತಿಯು ಪ್ರಾಚೀನ ಜಾವಾದ ದೇವತಾ ಅಥವಾ ರಾಕ್ಷಸ ಶಿಲ್ಪದ ಸರಳೀಕೃತ ರೂಪವೆಂದು ಭಾವಿಸಲಾಗಿದೆ. ಇಸ್ಲಾಂ ನೆಲೆಗೊಂಡ ಬಳಿಕ ಮುಖ, ಕೈಕಾಲುಗಳು ಮಸುಕಾಗಿ ಬಳ್ಳಿಯ ಚಿತ್ತಾರದಲ್ಲಿ ಕರಗಿದುದನ್ನು ಇಲ್ಲಿ ಕಾಣಬಹುದು. ಸುಮಾತ್ರದಲ್ಲಿ ಮತ್ತು ಪರ್ಯಾಯ ದ್ವೀಪದಲ್ಲಿ ಇದರ ಅನೇಕ ಪ್ರಭೇದಗಳಿವೆ. ಕಿರಿದಾದ, ನೀಳವಾದ, ನೇರ ಅಲಗಿನ 'ಕೆರಿಸ್ ಪಂಜಾಂಗ್' ಸುಮಾತ್ರದ ವಿಶಿಷ್ಟ ಮಾದರಿ. ಮರಣದಂಡನೆಗೆ ಬಳಸುತ್ತಿದ್ದುದು ಇದೇ ಜಾತಿಯ ಉದ್ದನೆಯ ಕೆರಿಸ್.

ಪೂರ್ವ ಕರಾವಳಿಯ ಪಟ್ಟಾನಿ, ಕೆಲಂತಾನ್ ಮತ್ತು ತೆರೆಂಗಾನುಗಳಲ್ಲಿ ತಜೋಂಗ್ ಎಂಬ ದೊಡ್ಡ ಹಿಡಿಯ ಕೆರಿಸ್ ಪ್ರಚಾರದಲ್ಲಿತ್ತು. ಉದ್ದನೆಯ ಮೂಗಿನಿಂದಾಗಿ ಇದನ್ನು ಯೂರೋಪಿನ ಸಂಗ್ರಾಹಕರು 'ಮಿಂಚುಳ್ಳಿ ಕೆರಿಸ್' ಎಂದು ಕರೆದರು. ಆದರೆ ದಂತಪಂಕ್ತಿ, ಕಣ್ಣು, ಕಿರೀಟಗಳನ್ನು ಗಮನಿಸಿದರೆ ಅದು ಹಕ್ಕಿಯಲ್ಲ, ರಾಕ್ಷಸಮುಖವೆಂಬುದು ವೇದ್ಯವಾಗುತ್ತದೆ. ಪಂಡಾಯ್ ಸಾರಸ್ ಎಂಬ ಹೆಸರಿನೊಡನೆ ಗುರುತಿಸಲಾಗುವ ವಿಶಿಷ್ಟ ಅಲಗು ಕೂಡ ಪಟ್ಟಾನಿಯದೇ. ಸೊಂಗ್ಖ್ಲಾ ಕಡೆಯ ಚೋತೆಂಗ್ ಎಂಬ ಹಿಡಿ ಇನ್ನೊಂದು ಪ್ರಭೇದ.

1909ರ ಆಂಗ್ಲ-ಸಯಾಮೀ ಒಪ್ಪಂದದಂತೆ ಕೆಲಂತಾನ್ ಮತ್ತು ತೆರೆಂಗಾನುಗಳು ಬ್ರಿಟಿಷರ ಅಧೀನಕ್ಕೂ ಪಟ್ಟಾನಿಯು ಸಯಾಮಿಗೂ ಸೇರಿದವು. ಹೀಗಾಗಿ ಒಂದೇ ಪರಂಪರೆಯ ವಸ್ತುಗಳು ಕೆಲವು ಸಂಗ್ರಹಗಳಲ್ಲಿ 'ಥಾಯ್' ಎಂದೂ ಕೆಲವೆಡೆ 'ಮಲೇಷಿಯಾದ್ದು' ಎಂದೂ ನಮೂದಾಗುವ ಸಂದರ್ಭವಿದೆ. ಇಂದಿನ ರಾಷ್ಟ್ರಗಳ ಗಡಿಗಳನ್ನು ಹಿಂದಿನ ಕುಶಲಕಲೆಯ ಗಡಿಗಳೆಂದು ಭಾವಿಸುವುದು ಮೂಲನಿರ್ಣಯದಲ್ಲಿ ಸಲ್ಲದು.

ಸುಲು ಮತ್ತು ಮಿಂದನಾವೊ

ಫಿಲಿಪೀನ್ಸಿನ ದಕ್ಷಿಣ ಭಾಗದಲ್ಲಿ ಕೆರಿಸ್ ಕಠಾರಿಯಾಗಿ ಉಳಿಯದೆ ಖಡ್ಗವಾಗಿ ಬೆಳೆಯಿತು. ಇರಿಯುವುದಕ್ಕಿಂತ ಕಡಿಯುವುದಕ್ಕೆ ಇದು ಹೆಚ್ಚು ಉಪಯುಕ್ತ. ಹಿಡಿಯ ತುದಿಯಲ್ಲಿ ಕಾಕತೂವ ಹಕ್ಕಿಯ ತಲೆಯಂತಹ ಗುಬುಟು, ಅಲಗು ಅಲುಗದಂತೆ ಬಿಗಿಹಿಡಿಯುವ ಲೋಹದ ಪಟ್ಟಿಗಳು ಇದರ ವೈಶಿಷ್ಟ್ಯ. ಹಳೆಯ ಮಾದರಿಗಳಲ್ಲಿ ಗಂಜವು ಪ್ರತ್ಯೇಕ ತುಂಡಾಗಿರುತ್ತದೆ. ಇತ್ತೀಚಿನವುಗಳಲ್ಲಿ ಅದರ ಜಾಗದಲ್ಲಿ ಕೊರೆದ ಗೆರೆಯೊಂದೇ ಉಳಿದಿರುವುದುಂಟು.

ಲೋಹದ ಸಾಕ್ಷ್ಯ

ಪಮೋರ್‌ನ ನಿಕಲ್ ಎಲ್ಲಿಂದ ಬಂದುದು ಎಂಬುದು ಮೂಲನಿರ್ಣಯಕ್ಕೆ ನೆರವಾಗಬಲ್ಲ ಪ್ರಶ್ನೆ. ಕೆರಿಸ್‌ಗಳನ್ನು ಉಲ್ಕೆಯ ಕಬ್ಬಿಣದಿಂದ ಮಾಡುತ್ತಾರೆಂಬ ನಂಬಿಕೆ ಬಹಳ ವ್ಯಾಪಕವಾದುದು. 18ನೇ ಶತಮಾನದಲ್ಲಿ ಪ್ರಂಬಾನನ್ ಬಳಿ ದೊರೆತ ಉಲ್ಕಾಪಿಂಡದ ದೊಡ್ಡ ತುಂಡು ಸುರಕರ್ತದ ಅರಮನೆಗೆ ಸೇರಿ, ಅದರ ಅಂಶವನ್ನು ಆಸ್ಥಾನದ ಕೆಲವು ಅಲಗುಗಳಿಗೆ ಬಳಸಲಾಯಿತೆಂಬುದು ನಿಜ. ಆದರೆ ಬೆನೆಟ್ ಬ್ರಾನ್ಸನ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಲ್ಕೆಯ ಪಾತ್ರವನ್ನು ಪ್ರಶ್ನಿಸಿ, ಭೂಮಿಯಲ್ಲೇ ದೊರೆಯುವ ನಿಕಲ್‌ಯುಕ್ತ ಅದಿರಿನ ಕಡೆಗೆ ಗಮನ ಸೆಳೆದರು. ಮಧ್ಯ ಸುಲವೇಸಿಯ ಲುವು ಪ್ರದೇಶ ಇಂತಹ ಅದಿರಿಗೆ ಪ್ರಸಿದ್ಧ. 1365ರಲ್ಲಿ ರಚಿತವಾದ 'ನಾಗರಕೃತಾಗಮ' ಕಾವ್ಯವು ಮಜಾಪಹಿತ್ ಅರಸರ ಅಧೀನ ಪ್ರದೇಶಗಳ ಸಾಲಿನಲ್ಲಿ ಲುವುಕ್ ಹೆಸರನ್ನು ಹೇಳುವುದು ಈ ದೃಷ್ಟಿಯಿಂದ ಅರ್ಥಪೂರ್ಣ. 19ನೇ ಶತಮಾನದ ನಂತರ ಯೂರೋಪಿನಿಂದ ಆಮದಾದ ನಿಕಲ್ ಕೂಡ ಬಳಕೆಗೆ ಬಂದಿತು. ಅದರಿಂದ ಮೂಡುವ ಪಮೋರ್ ಹೆಚ್ಚು ಬಿಳುಪಾಗಿಯೂ ಏಕರೂಪವಾಗಿಯೂ ಇರುತ್ತದೆ.

ಇಷ್ಟಾದರೂ ಲೋಹದ ಸಾಕ್ಷ್ಯವೊಂದೇ ಸಾಲದು. ಲುವು ಕಬ್ಬಿಣವು ಹಡಗುಗಳಲ್ಲಿ ದೂರದ ಕುಲುಮೆಗಳಿಗೆ ತಲುಪುತ್ತಿದ್ದುದರಿಂದ ಅದಿರಿನ ಊರು ಅಲಗಿನ ಊರಾಗಬೇಕಿಲ್ಲ. ಪ್ರಯೋಗಾಲಯದ ವಿಶ್ಲೇಷಣೆಯು ಕಾಲವನ್ನು ಕುರಿತು ಹೆಚ್ಚು ಹೇಳುತ್ತದೆ, ಸ್ಥಳವನ್ನು ಕುರಿತು ಕಡಿಮೆ ಹೇಳುತ್ತದೆ.

ತಂಗುಹ್ ಪದ್ಧತಿ ಮತ್ತು ದಾಖಲೆಗಳ ಮಹತ್ವ

ಜಾವಾದ ಬಲ್ಲವರು ತಲೆಮಾರುಗಳಿಂದ ಅನುಸರಿಸುತ್ತ ಬಂದ ನಿರ್ಣಯ ಕ್ರಮಕ್ಕೆ ತಂಗುಹ್ ಎಂದು ಹೆಸರು. ಕಬ್ಬಿಣದ ಬಣ್ಣ ಮತ್ತು ಸ್ಪರ್ಶ, ಪಮೋರ್‌ನ ಗುಣ, ಅಲಗಿನ ನಿಲುವು, ಗಂಜದ ಆಕಾರ ಇವುಗಳನ್ನು ಪರಿಶೀಲಿಸಿ ಅಲಗನ್ನು ಪಜಾಜರಾನ್, ಮಜಾಪಹಿತ್, ತುಬಾನ್, ಬ್ಲಂಬಂಗಾನ್, ಮದುರಾ, ಮತಾರಾಮ್, ಕರ್ತಸುರ, ಸುರಕರ್ತ ಮುಂತಾದ ರಾಜ್ಯಗಳಿಗೂ ಕಾಲಗಳಿಗೂ ಸೇರಿಸುತ್ತಾರೆ. ತಂಗುಹ್ ಎಂಬ ಶಬ್ದಕ್ಕೆ ಅಂದಾಜು ಎಂಬ ಅರ್ಥವಿರುವುದು ಪದ್ಧತಿಯ ಸ್ವಭಾವವನ್ನು ಸೂಚಿಸುತ್ತದೆ. ಇದರಲ್ಲಿ ಸ್ಥಳ ಮತ್ತು ಕಾಲ ಬೆರೆತುಹೋಗಿವೆ. ಮಜಾಪಹಿತ್ ಶೈಲಿಯಲ್ಲಿ ಮುಂದಿನ ಶತಮಾನಗಳಲ್ಲಿ ತಯಾರಾದ ಅಲಗನ್ನು ಮಜಾಪಹಿತ್ ಕಾಲದ ಅಲಗಿನಿಂದ ಬೇರ್ಪಡಿಸಲು ಇದು ಸದಾ ಸಮರ್ಥವಲ್ಲ. ಆದರೂ ಸಾವಿರಾರು ಅಲಗುಗಳನ್ನು ಕೈಯಲ್ಲಿ ಹಿಡಿದು ನೋಡಿದವರ ಅನುಭವವನ್ನು ಅವೈಜ್ಞಾನಿಕವೆಂದು ತಳ್ಳಿಹಾಕುವುದು ಯುಕ್ತವಲ್ಲ. ಬಂಬಾಂಗ್ ಹರ್ಸ್ರಿನುಕ್ಸ್ಮೊ ಅವರ 2004ರ 'ಎನ್ಸಿಕ್ಲೊಪೆದಿ ಕೆರಿಸ್' ಈ ದೇಶೀ ಜ್ಞಾನವನ್ನು ವಿಸ್ತಾರವಾಗಿ ಕ್ರೋಡೀಕರಿಸಿದೆ.

ದೇಶೀ ಜ್ಞಾನವನ್ನು ಕಡೆಗಣಿಸಿದಾಗ ಆಗುವ ಪ್ರಮಾದಕ್ಕೆ 'ಕೆರಿಸ್ ಮಜಾಪಹಿತ್' ಎಂಬ ಹೆಸರೇ ನಿದರ್ಶನ. ಹಿಡಿ ಮತ್ತು ಅಲಗು ಒಂದೇ ಕಬ್ಬಿಣದಲ್ಲಿರುವ ಪುಟ್ಟ ಕಠಾರಿಗಳನ್ನು ಯೂರೋಪಿನ ಲೇಖಕರು ಮಜಾಪಹಿತ್ ಕಾಲದವೆಂದೂ ಕೆರಿಸ್‌ನ ಆದಿರೂಪವೆಂದೂ ಬಗೆದರು. ಗಾರ್ಡ್ನರ್ 1936ರಲ್ಲಿ ಪ್ರಕಟಿಸಿದ ಗ್ರಂಥವೂ ಸೇರಿದಂತೆ ಅನೇಕ ಬರಹಗಳಲ್ಲಿ ಈ ಹೆಸರು ನೆಲೆಯೂರಿತು. ಜಾವಾದಲ್ಲಿ ಇವು ಕೆರಿಸ್ ಸಜೆನ್, ಅಂದರೆ ನೈವೇದ್ಯದ ಕೆರಿಸ್, ಆಚರಣೆಗಳಲ್ಲಿ ಅರ್ಪಿಸುವಂಥವು.

ದೇಶೀ ಪದ್ಧತಿಗೆ ಪೂರಕವಾದ ಇನ್ನೊಂದು ಮಾರ್ಗವೆಂದರೆ ಹಳೆಯ ದಾಖಲೆ ಪುಸ್ತಕಗಳ ಅಧ್ಯಯನ. 17ನೇ ಶತಮಾನದಿಂದಲೇ ಯೂರೋಪಿನ ರಾಜರ ಕೌತುಕಾಗಾರಗಳಿಗೆ ಕೆರಿಸ್‌ಗಳು ಸೇರಿದ್ದವು. ಅವು ಸೇರಿದ ವರ್ಷ ಲಿಖಿತವಾಗಿರುವುದರಿಂದ ಅಲಗು, ಹಿಡಿ, ಒರೆ ಮೂರೂ ಅದಕ್ಕಿಂತ ಹಿಂದಿನವೆಂಬುದು ಖಚಿತ. ಡೆನ್ಮಾರ್ಕಿನ ಕಾರ್ಸ್ಟನ್ ಸೆಯ್ರ್ ಯೆನ್ಸನ್ 1998ರ ತಮ್ಮ ಗ್ರಂಥದಲ್ಲಿ ಇಂತಹ ವಸ್ತುಗಳನ್ನು ಆಧಾರವಾಗಿಟ್ಟುಕೊಂಡು ಪ್ರಾದೇಶಿಕ ಶೈಲಿಗಳ ಪ್ರಾಚೀನತೆಯನ್ನು ವಿವೇಚಿಸಿದ್ದಾರೆ. ಕಾಲ ಖಚಿತವಾದ ಒಂದು ವಸ್ತುವು ಕಾಲ ತಿಳಿಯದ ನೂರು ವಸ್ತುಗಳಿಗೆ ಅಳತೆಗೋಲಾಗುತ್ತದೆ.

ದಿಪೊನೆಗೊರೊ ಕೆರಿಸ್: ಒಂದು ಪರಿಶೀಲನೆ

ಈ ಎಲ್ಲ ವಿಧಾನಗಳ ಬಲಾಬಲಗಳು ಒಟ್ಟಿಗೆ ಪರೀಕ್ಷೆಗೊಳಗಾದ ಸಂದರ್ಭವೆಂದರೆ ರಾಜಕುಮಾರ ದಿಪೊನೆಗೊರೊನ ಕೆರಿಸ್‌ನ ಶೋಧ. 1825ರಿಂದ 1830ರವರೆಗೆ ಡಚ್ಚರ ವಿರುದ್ಧ ಜಾವಾ ಯುದ್ಧವನ್ನು ನಡೆಸಿದ ಈತನು ಸಂಧಾನದ ಸಮಯದಲ್ಲಿ 'ನಾಗ ಸಿಲುಮಾನ್' ಎಂಬ ಕೆರಿಸ್ಸನ್ನು ಕರ್ನಲ್ ಕ್ಲೀರೆನ್ಸ್ ಎಂಬ ಅಧಿಕಾರಿಗೆ ಕೊಟ್ಟನು. 1830ರ ಮಾರ್ಚ್ 28ರಂದು ಮಗೆಲಂಗ್‌ನಲ್ಲಿ ಮಾತುಕತೆಗೆಂದು ಬಂದ ದಿಪೊನೆಗೊರೊನನ್ನು ಬಂಧಿಸಲಾಯಿತು. ಕ್ಲೀರೆನ್ಸ್ ಆ ಕೆರಿಸ್ಸನ್ನು 1831ರಲ್ಲಿ ಡಚ್ ದೊರೆ ಒಂದನೆಯ ವಿಲ್ಲೆಮ್‌ಗೆ ಅರ್ಪಿಸಿದನು. ಅದು ಹೇಗ್ ನಗರದ ರಾಜಕೀಯ ಕೌತುಕಾಗಾರಕ್ಕೆ ಸೇರಿ, 1883ರಲ್ಲಿ ಆ ಸಂಸ್ಥೆ ಮುಚ್ಚಿದಾಗ ಲೈಡನ್ ವಸ್ತುಸಂಗ್ರಹಾಲಯಕ್ಕೆ ಬಂದಿತು. ನಂತರ ಅನೇಕ ಕೆರಿಸ್‌ಗಳ ನಡುವೆ ಅದರ ಗುರುತೇ ಕಳೆದುಹೋಯಿತು. 1970ರ ದಶಕದಲ್ಲಿ ದಿಪೊನೆಗೊರೊನ ಜೀನು, ಛತ್ರಿ, ಭರ್ಜಿಗಳು ಇಂಡೋನೇಷ್ಯಾಕ್ಕೆ ಮರಳಿದಾಗ ಕೆರಿಸ್ ಮಾತ್ರ ಪತ್ತೆಯಾಗಿರಲಿಲ್ಲ.

ದೀರ್ಘಕಾಲದ ಶೋಧದ ಬಳಿಕ ಲೈಡನ್‌ನ ಸಂಗ್ರಹದಲ್ಲಿ ಅದನ್ನು ಗುರುತಿಸಲು ನೆರವಾದವು ಬರಹದ ದಾಖಲೆಗಳು. ದಿಪೊನೆಗೊರೊನ ದಂಡನಾಯಕನಾಗಿದ್ದ ಸೆಂಟೊಟ್ ನೀಡಿದ ಲಿಖಿತ ಹೇಳಿಕೆ ಹಾಗೂ ಆಗ ನೆದರ್ಲೆಂಡ್ಸ್‌ನಲ್ಲಿದ್ದ ಜಾವಾದ ಚಿತ್ರಕಾರ ರಾದೆನ್ ಸಾಲೆಹ್ ಅದಕ್ಕೆ ಬರೆದ ಟಿಪ್ಪಣಿ ಇವುಗಳಲ್ಲಿ ಮುಖ್ಯವಾದವು. ಇಂಡೋನೇಷ್ಯಾದ ಇತಿಹಾಸಕಾರ ಶ್ರೀ ಮಾರ್ಗನ ಮೊದಲಾದ ತಜ್ಞರು ಪರಿಶೀಲಿಸಿದ ನಂತರ 2020ರ ಮಾರ್ಚ್ ತಿಂಗಳಲ್ಲಿ ಅದನ್ನು ಇಂಡೋನೇಷ್ಯಾಕ್ಕೆ ಒಪ್ಪಿಸಲಾಯಿತು.

ಆದರೆ ಕೆರಿಸ್‌ನ ಚಿತ್ರಗಳು ಪ್ರಕಟವಾದಾಗ ಇಂಡೋನೇಷ್ಯಾದ ಕೆಲವು ಬಲ್ಲವರು ಆಕ್ಷೇಪವೆತ್ತಿದರು. ದಪುರ್ ಪರಂಪರೆಯಂತೆ 'ನಾಗ ಸಿಲುಮಾನ್' ಎಂದರೆ ತಲೆ ಮಾತ್ರ ಕಾಣುವ, ಮೈ ಅದೃಶ್ಯವಾಗಿರುವ ನಾಗ. ಹಿಂದಿರುಗಿದ ಅಲಗಿನಲ್ಲಿಯೋ ನಾಗನ ಮೈಯೂ ಸ್ಪಷ್ಟವಾಗಿದೆ. ದಪುರ್ ಹೆಸರೂ ಒಂದು ನಿರ್ದಿಷ್ಟ ಕೆರಿಸ್‌ಗೆ ಒಡೆಯನು ಇಟ್ಟ ಅಂಕಿತನಾಮವೂ ಒಂದೇ ಆಗಿರಬೇಕಾಗಿಲ್ಲವೆಂಬುದು ಇದಕ್ಕೆ ಬಂದ ಸಮಾಧಾನ. ಈ ಚರ್ಚೆಯಲ್ಲಿ ಒಂದು ಪಕ್ಷವು ದಾಖಲೆಯ ಸರಪಳಿಯನ್ನೂ ಇನ್ನೊಂದು ಪಕ್ಷವು ರೂಪದ ಶಾಸ್ತ್ರವನ್ನೂ ಆಶ್ರಯಿಸಿತು. ಒಂದು ನಾಡು ತನ್ನ ನಾಯಕನ ಆಯುಧವೆಂದು ಸ್ವೀಕರಿಸುವ ವಸ್ತುವಿನ ವಿಷಯದಲ್ಲಿ ಇವೆರಡರಲ್ಲಿ ಯಾವುದನ್ನೂ ಲಘುವಾಗಿ ಕಾಣುವಂತಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಕೆರಿಸ್‌ನ ಅಲಗು, ಹಿಡಿ, ಒರೆಗಳಿಗೆ ಬೇರೆಬೇರೆ ಮೂಲಗಳಿರಬಹುದಾದ್ದರಿಂದ ದಾಖಲೆಗಳಲ್ಲಿ ಮೂರನ್ನೂ ಪ್ರತ್ಯೇಕವಾಗಿ ನಮೂದಿಸುವುದು ಅಗತ್ಯ. ಎರಡನೆಯದಾಗಿ, ಬುಗಿಸ್, ಪಟ್ಟಾನಿ ಮುಂತಾದ ಹೆಸರುಗಳು ಶೈಲಿಯನ್ನು ಸೂಚಿಸುತ್ತವೆಯೋ ತಯಾರಾದ ಸ್ಥಳವನ್ನು ಸೂಚಿಸುತ್ತವೆಯೋ ಎಂಬುದನ್ನು ಸ್ಪಷ್ಟಪಡಿಸಬೇಕು. ಮೂರನೆಯದಾಗಿ, ಶೈಲಿ, ಲೋಹ, ದೇಶೀ ಪದ್ಧತಿ, ಲಿಖಿತ ದಾಖಲೆ ಈ ನಾಲ್ಕು ಆಕರಗಳಲ್ಲಿ ಯಾವುದೊಂದೂ ಸ್ವಯಂಪೂರ್ಣವಲ್ಲ. ಅವು ಪರಸ್ಪರ ಸಮರ್ಥಿಸಿದಾಗ ಮಾತ್ರ ನಿರ್ಣಯಕ್ಕೆ ಬಲ ಬರುತ್ತದೆ.

'ಮಲಯ ಕಠಾರಿ' ಎಂಬ ಎರಡು ಪದಗಳ ಚೀಟಿ ಅಂಟಿಸಿಕೊಂಡ ಕೆರಿಸ್‌ಗಳು ಜಗತ್ತಿನ ಅನೇಕ ಸಂಗ್ರಹಗಳಲ್ಲಿ ಇಂದಿಗೂ ಉಳಿದಿವೆ. ಅವುಗಳಲ್ಲಿ ಕೆಲವು ಅರಮನೆಯ ವಂಶನಿಧಿಯಾಗಿರಬಹುದು, ಕೆಲವು ರಣಭೂಮಿಯಿಂದ ಎತ್ತಿಕೊಂಡವಾಗಿರಬಹುದು, ಕೆಲವು ಸಂತೆಯಲ್ಲಿ ಕೊಂಡವಾಗಿರಬಹುದು. ಅವುಗಳಿಗೆ ಸರಿಯಾದ ಊರಿನ ಹೆಸರನ್ನು ಮರಳಿ ಕೊಡುವುದು, ವಸ್ತುವನ್ನು ಮರಳಿ ಕೊಡುವುದಕ್ಕೆ ಮೊದಲು ಆಗಬೇಕಾದ ಕೆಲಸ. ಆ ಕೆಲಸಕ್ಕೆ ಪ್ರಯೋಗಾಲಯದಷ್ಟೇ ಕುಲುಮೆಯ ಅರಿವೂ ಬೇಕು.